ದೊಡ್ಡಪ್ಪನಿಗೆ, ಎಡಿನ್‌ಬರೋದಿಂದ

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮದುವೆಗೆ ಮುಂಚೆ ಬಾಗಿಲುವಾಡದ ಹಳೇ ಪೇಂಟ್ ತೆಗೆಸಬೇಕು ಅಂದಿರಲ್ಲ, ಆ ವಿಷಯಕ್ಕೇ ಈ ಪತ್ರ.

ನಾವಿರುವ ಮನೆ ಇನ್ನೂರು ವರ್ಷದಷ್ಟು ಹಳೆಯದು. ಹಜಾರದ ಅಗ್ಗಿಷ್ಟಿಕೆಗೆ ಈಗ ಯಾರೂ ಬೆಂಕಿ ಹಾಕುವುದಿಲ್ಲ, ಆದರೆ ಅದರ ಸುತ್ತಲಿನ ಮರದ ಮ್ಯಾಂಟಲ್ ಹಾಗೇ ಇದೆ. ಎರಡು ಕಡೆ ಕಂಬ, ಮೇಲೊಂದು ಹಲಗೆ, ಅದರ ಕೆಳಗಿನ ಪಟ್ಟಿಯಲ್ಲಿ ಹೂಮಾಲೆ, ಕಲಶ, ಗೋಧಿ ತೆನೆ. ನಮ್ಮ ಸಾಗರದ ಗುಡಿಗಾರರೇ ಕೆತ್ತಿದರೇನೋ ಅನ್ನಿಸುತ್ತದೆ. ನಿಜಕ್ಕೂ ಅದು ಆ ಮರದಲ್ಲಿ ಕೆತ್ತಿದ್ದೇ ಅಲ್ಲ. ಸುಣ್ಣದ ಕಲ್ಲಿನ ನುಣುಪು ಪುಡಿ, ಪ್ರಾಣಿಗಳ ಚರ್ಮ-ಮೂಳೆಯ ಅಂಟು, ರಾಳ, ಅಗಸೆ ಎಣ್ಣೆ ಇಷ್ಟನ್ನೂ ಬಿಸಿಯಲ್ಲಿ ಕಲಸಿ, ರೊಟ್ಟಿ ಹಿಟ್ಟಿನ ಹಾಗೆ ನಾದಿ, ಅಚ್ಚಿಗೆ ಒತ್ತಿ ತೆಗೆದು ಪೈನ್ ಮರದ ಮೇಲೆ ಅಂಟಿಸುತ್ತಿದ್ದರು. ಕಾಂಪೋ ಅಂತಾರೆ.

ಹಾಗಂತ ಕೈಕೆಲಸ ಕಮ್ಮಿ ಅಂದುಕೊಳ್ಳಬೇಡಿ. ಅಚ್ಚನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದಲ್ಲಿ ಕೆತ್ತಬೇಕು. ಉಬ್ಬಬೇಕಾದ್ದೆಲ್ಲ ತಗ್ಗಾಗಿ, ಎಡದ್ದು ಬಲಕ್ಕೆ. ಅಚ್ಚು ಕೆತ್ತಿದವನ ಹೆಸರು ಮ್ಯಾಂಟಲ್ಲಿನ ಮೇಲೆ ಎಲ್ಲೂ ಇಲ್ಲ, ನನಗೆ ಅದೇ ಬೇಸರ. ಈ ಬಗೆಯ ತೆಳು ಅಲಂಕಾರವನ್ನು ಜನಪ್ರಿಯ ಮಾಡಿದ ವಾಸ್ತುಶಿಲ್ಪಿ ರಾಬರ್ಟ್ ಆ್ಯಡಮ್ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಇಲ್ಲಿನ ಶಾರ್ಲೆಟ್ ಸ್ಕ್ವೇರ್ ಎಂಬ ಚೌಕಕ್ಕೆ 1791ರಲ್ಲಿ ನಕ್ಷೆ ಹಾಕಿದವನು ಅವನೇ, ಮರುವರ್ಷ ತೀರಿಕೊಂಡ. ಅಮೃತಶಿಲೆ ಹಾಕಿಸಲಾಗದವರ ಮನೆಗೂ ಅದೇ ಸೊಗಸು ಬಂದಿದ್ದು ಕಾಂಪೋದಿಂದ.

ನಮ್ಮ ಮ್ಯಾಂಟಲ್ಲಿನ ಒಂದು ಮೂಲೆಯಲ್ಲಿ ಬಣ್ಣ ಎದ್ದಿದೆ. ಅಲ್ಲಿ ತೆನೆಯ ಒಂದೊಂದು ಮುಳ್ಳೂ ಬಿಡಿಬಿಡಿಯಾಗಿ ಕಾಣುತ್ತದೆ. ಪಕ್ಕದ ತೆನೆ ಪದರದ ಮೇಲೆ ಪದರ ಪೇಂಟ್ ಮೆತ್ತಿ ಬರೀ ಉಂಡೆ. ಹೀಗಿದೆಯಲ್ಲ ಅಂತ ಎಷ್ಟೋ ಮಂದಿ ಮ್ಯಾಂಟಲ್ ಕಿತ್ತು ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿದ್ದಾರೆ. ಪೇಂಟ್ ಜೊತೆ ಹೂಮಾಲೆಯೂ ಕರಗಿಹೋಗಿ, ಕೊನೆಗೆ ಬೋಳು ಹಲಗೆ ಉಳಿದಿದೆ.

ನಮ್ಮ ಬಾಗಿಲುವಾಡ ಅಪ್ಪಟ ಕೆತ್ತನೆ, ಕರಗುವ ಭಯವಿಲ್ಲ. ಆದರೂ ಪೇಂಟರ್ ಎಷ್ಟೇ ಹೇಳಲಿ, ಕಾಸ್ಟಿಕ್ ಸೋಡಾ ಬೇಡ. ಮರ ಕಪ್ಪಾಗುತ್ತದೆ, ನಾರು ಎದ್ದು ಆ ಗಿಳಿಗಳ ಕೊಕ್ಕು, ರೆಕ್ಕೆ ಎಲ್ಲ ತರಿತರಿಯಾಗುತ್ತವೆ. ಒಣಗಿದ್ದನ್ನು ಹಾಗೇ ಉಜ್ಜುವುದೂ ಬೇಡ. ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದಾರೆ. ಕೆತ್ತನೆ ಬಲ್ಲವರನ್ನೇ ಕರೆಸಿ, ಸ್ವಲ್ಪ ಸ್ವಲ್ಪವಾಗಿ ತೆಗೆಸಿ. ಖರ್ಚು ನಾನು ಕಳಿಸುತ್ತೇನೆ. ಮದುವೆಗೆ ಮುಗಿಯದಿದ್ದರೆ ತೋರಣ ಕಟ್ಟಿಬಿಡಿ, ಮಿಕ್ಕಿದ್ದು ಆಮೇಲೆ ಮಾಡಿಸಿದರಾಯ್ತು.

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಪುಟ್ಟಿ