ಲುಬ್ಧಕನ ನೇರಳೆ

ಮಾರಾಯ,

ಕೊಯ್ಲು ಮೊನ್ನೆ ಮುಗಿಯಿತು. ಕಣದಲ್ಲಿ ಇನ್ನೂ ಅರ್ಧದಷ್ಟು ರೋಬಸ್ಟಾ ಕಾಫಿ ಒಣಗಬೇಕು, ಒಣಗಿದ್ದನ್ನು ಗುಡ್ಡೆ ಮಾಡಿ ಟಾರ್ಪಲ್ ಮುಚ್ಚಿದ್ದೇನೆ. ಎರಡರ ನಡುವೆ ಒಂದು ಚಾಪೆ ಹಾಸುವಷ್ಟು ಸಿಮೆಂಟು ಖಾಲಿ ಉಂಟಲ್ಲ, ಅಲ್ಲಿ ನಿನ್ನ ದೂರದರ್ಶಕ ನಿಂತಿದೆ. ನಿನ್ನದು ಅಂತಲೇ ಬರೆಯುತ್ತೇನೆ. ಬೆಂಗಳೂರಿಗೆ ಹೊರಡುವ ದಿನ "ನಿನ್ನ ಹತ್ತಿರ ಇರಲಿ, ಆಕಾಶ ಇರುವುದು ಇಲ್ಲಿ" ಅಂತ ನೀನು ಬಿಟ್ಟು ಹೋದೆ. ಅವತ್ತಿನಿಂದ ಇವತ್ತಿನವರೆಗೆ ಅದನ್ನು ನನ್ನದು ಅನ್ನಲು ನಾಲಿಗೆ ಹೊರಳಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಹಾಕಿದ ಚಂದ್ರನ ಫೋಟೋ ನೋಡಿ, ದೂರದರ್ಶಕವನ್ನು ಕೂರಿಸಿ ತಿರುಗಿಸುವ ಇಕ್ವೆಟೋರಿಯಲ್ ಮೌಂಟ್ ಹೂಡುವುದು ಹೇಗೆ ಅಂತ ಕೇಳುವವರು ಹೆಚ್ಚಾಗಿದ್ದಾರೆ. ಪೆಟ್ಟಿಗೆ ಬಿಚ್ಚಿ, ಅಷ್ಟೊಂದು ತಿರುಪು, ಅಷ್ಟೊಂದು ಹಿಡಿ ನೋಡಿ, ಹಾಗೆಯೇ ಕಟ್ಟಿ ಅಟ್ಟಕ್ಕೆ ಏರಿಸಿದವರೂ ಇದ್ದಾರೆ. ನಿನಗೆ ಬರೆದರೆ ಅವರಿಗೂ ಬರೆದ ಹಾಗಾಯಿತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಮೂರನೇ ಕಾಲಿನ ಸಂಗತಿ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಹೊಸಬರಿಗೆ ಮೊದಲ ಮಾತು. ಈ ಮೌಂಟಿನ ಗುಟ್ಟೆಲ್ಲ ಒಂದು ಅಕ್ಷದಲ್ಲಿದೆ. ಭೂಮಿ ಯಾವ ಅಕ್ಷದ ಮೇಲೆ ತಿರುಗುತ್ತದೋ ಅದಕ್ಕೆ ಸಮಾನಾಂತರವಾಗಿ ಇದರ ಅಕ್ಷವನ್ನು ಕೂರಿಸಿಬಿಟ್ಟರೆ, ನಕ್ಷತ್ರದ ಹಿಂದೆ ಹೋಗಲು ಒಂದೇ ತಿರುಪು ಸಾಕು, ಅದಕ್ಕೆ ಆರ್‌ಎ ತಿರುಪು ಅಂತ ಹೆಸರು. ಕೂರಿಸದಿದ್ದರೆ ಎರಡು ಕೈಯೂ ಸಾಲದು. ನಿನ್ನ ಕೊಳವೆಯದು 102 ಮಿಲಿಮೀಟರ್ ಲೆನ್ಸ್, 1000 ಮಿಲಿಮೀಟರ್ ನಾಭಿದೂರ. ಅದಕ್ಕೆ 10 ಮಿಲಿಮೀಟರ್ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಮಸೂರ, ಹಾಕಿದರೆ ನೂರು ಪಟ್ಟು. ಆಗ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ನಕ್ಷತ್ರವೊಂದು ಈ ಅಂಚಿನಲ್ಲಿ ಹುಟ್ಟಿ ಆ ಅಂಚಿನಲ್ಲಿ ಮುಳುಗಲು ಎರಡು ನಿಮಿಷ ತೆಗೆದುಕೊಂಡರೆ ಹೆಚ್ಚು. ಭೂಮಿ ತಿರುಗುತ್ತದೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಕಾಲಡಿಯ ಕಣವೇ ತಿರುಗುತ್ತಿದೆ ಅಂತ ಮೈಗೆ ಗೊತ್ತಾಗುವುದು ಆ ಎರಡು ನಿಮಿಷದಲ್ಲಿ.

ಕೈಪಿಡಿಯಲ್ಲಿ ಬರೆದಿರುತ್ತದೆ, ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಿ ಅಂತ. ಅದನ್ನು ಬರೆದವರ ಊರಿನಲ್ಲಿ ಧ್ರುವ 40, 50 ಡಿಗ್ರಿ ಮೇಲಿರುತ್ತಾನೆ. ಊರಿನ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಮಡಿಕೇರಿಯದು 12.4. ಕೈ ಚಾಚಿ ಮುಷ್ಟಿ ಹಿಡಿದು, ಅದರ ಮೇಲೆ ಇನ್ನೊಂದು ಬೆರಳು ಅಡ್ಡ ಇಟ್ಟರೆ ಮುಗಿಯಿತು ನಮ್ಮ ಧ್ರುವನ ಎತ್ತರ. ಕೊಡಗಿನಲ್ಲಿ ಆ ಎತ್ತರದವರೆಗೂ ಬೆಟ್ಟ ಇಲ್ಲದಿದ್ದರೆ ಮರ, ಮರ ಇಲ್ಲದಿದ್ದರೆ ಮಂಜು. ನಮ್ಮ ಕಣದ ಉತ್ತರಕ್ಕಂತೂ ಅಪ್ಪ ಸಾಲಾಗಿ ನೆಟ್ಟ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಐದು ವರ್ಷದಲ್ಲಿ ಈ ಕಣದಿಂದ ಧ್ರುವನನ್ನು ಒಮ್ಮೆಯೂ ನೋಡಿಲ್ಲ. ಸಾಲದ್ದಕ್ಕೆ ಈ ಮೌಂಟ್ 15ಕ್ಕಿಂತ ಕೆಳಗೆ ಬಾಗುವುದಿಲ್ಲ, ಉತ್ತರದ ಕಾಲನ್ನು ಮೋಟು ಮಾಡಿ ಇಡೀ ಮೌಂಟನ್ನೇ ಮುಂದಕ್ಕೆ ಬಗ್ಗಿಸಬೇಕು.

ಧ್ರುವ ಕಾಣದವರಿಗೆ ಇರುವ ದಾರಿ ನಕ್ಷತ್ರ ಯಾವ ಕಡೆಗೆ ಸರಿಯುತ್ತದೆ ಅಂತ ನೋಡುವುದು. ಫೆಬ್ರವರಿಯಲ್ಲಿ ರಾತ್ರಿ ಎಂಟು ದಾಟಿದ ಮೇಲೆ ಮಹಾವ್ಯಾಧನ ಪಟ್ಟಿ ಉತ್ತರ-ದಕ್ಷಿಣ ಗೆರೆಗೆ ಬರುತ್ತದೆ. ಪಟ್ಟಿಯ ಪಶ್ಚಿಮ ತುದಿಯ ನಕ್ಷತ್ರ ಹೆಚ್ಚುಕಡಿಮೆ ಆಕಾಶದ ವಿಷುವದ್ವೃತ್ತದ ಮೇಲೆಯೇ ಇದೆ. ಅದನ್ನು ಐಪೀಸಿನ ನಡುವಿಗೆ ತಂದು, ಆರ್‌ಎ ತಿರುಪನ್ನಷ್ಟೇ ತಿರುಗಿಸುತ್ತ ಐದು ನಿಮಿಷ ಹಿಂಬಾಲಿಸಿ. ನಕ್ಷತ್ರ ದಕ್ಷಿಣಕ್ಕೆ ಸರಿದರೆ ನಿಮ್ಮ ಅಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಅದು ಸರಿಯಾದ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ ಹಿಡಿಯಿರಿ. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಐಪೀಸಿನಲ್ಲಿ ತಲೆಕೆಳಗು, ಎಡಬಲ ಎಲ್ಲ ಕಲಸಿಹೋಗುತ್ತದಲ್ಲ, ಅದಕ್ಕೊಂದು ಉಪಾಯ ಉಂಟು. ಕೊಳವೆಯನ್ನು ಉತ್ತರದ ಕಡೆಗೆ ಚೂರೇ ಚೂರು ನೂಕಿ. ನಕ್ಷತ್ರ ಯಾವ ಅಂಚಿಗೆ ಓಡಿತೋ ಅದು ದಕ್ಷಿಣ.

ಧ್ರುವನೂ ಸರಿಯಾಗಿ ಧ್ರುವಬಿಂದುವಿನಲ್ಲಿ ಇಲ್ಲ, ಮುಕ್ಕಾಲು ಡಿಗ್ರಿಗೆ ತುಸು ಕಡಿಮೆ ದೂರದಲ್ಲಿದ್ದಾನೆ. ಭೂಮಿಯ ಅಕ್ಷವೇ ಬುಗುರಿಯ ಹಾಗೆ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದು ದೂರದ ಮಾತಲ್ಲ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಅಕ್ಟೋಬರ್ 17ರ ಹೊತ್ತಿಗೆ ಹೋಗಿ ನಿಲ್ಲುತ್ತೇವಲ್ಲ, ಅದು ತುಲಾ ಸಂಕ್ರಮಣ. ಹಗಲು ರಾತ್ರಿ ಸಮನಾಗುವ ದಿನ ಸೆಪ್ಟೆಂಬರ್ 23ರ ಸುಮಾರಿಗೇ ಹೋಗಿರುತ್ತದೆ. ಒಂದು ಕಾಲಕ್ಕೆ ಎರಡೂ ಒಂದೇ ದಿನ ಇದ್ದವು, ಈ ಓಲಾಟವೇ ಅವುಗಳ ನಡುವೆ ಇಪ್ಪತ್ತನಾಲ್ಕು ದಿನ ತಂದಿಟ್ಟಿತು. ಇದನ್ನು ನಾನು ಮೊದಲ ಸಲ ಹೇಳಿದಾಗ ಬ್ರಹ್ಮಗಿರಿ ಮೆಟ್ಟಿಲ ಮೇಲೆ ನೀನು ಕೂತುಬಿಟ್ಟದ್ದು ನೆನಪಿದೆ. ಇನ್ನೊಂದು ಲೆಕ್ಕ ಈಗ ಹೊಸದಾಗಿ ಹಾಕಿದೆ, ಕೇಳು. ಕಾವೇರಿಯನ್ನು ಕಮಂಡಲದಲ್ಲಿ ಹಿಡಿದ ಅಗಸ್ತ್ಯನ ನಕ್ಷತ್ರ ನಮ್ಮ ದಕ್ಷಿಣದಲ್ಲಿ 25 ಡಿಗ್ರಿ ಏರುತ್ತದೆ. ಉತ್ತರದ ಧ್ರುವನಿಗಿಂತ ಸರಿಯಾಗಿ ಎರಡು ಪಟ್ಟು ಎತ್ತರ. ಕೊಡಗಿನ ಮಟ್ಟಿಗೆ ದೊಡ್ಡವನು ಅಗಸ್ತ್ಯನೇ.

ಈಗ ನಿನಗೆ ಬರೆಯಲೇಬೇಕಾದ ವಿಷಯ.

ಕಳೆದ ನವೆಂಬರಿನಲ್ಲಿ ನಾನು ಬರೆದದ್ದು ನೆನಪಿರಬೇಕು: "ಲೆನ್ಸ್ ಒರೆಸಿದ ಮೇಲೆ ಲುಬ್ಧಕನ ನೇರಳೆ ಅಂಚು ಹೋಗಿಬಿಟ್ಟಿತು!" ಅದಕ್ಕೆ ನೀನು "ಅದು ಒರೆಸಿದರೆ ಹೋಗುವಂಥದ್ದಲ್ಲ ಮಾರಾಯ" ಅಂದೆ. ನೀನು ಹೇಳಿದ್ದೇ ಸರಿ. ಈ ಲೆನ್ಸಿನಲ್ಲಿ ಎರಡು ಗಾಜು, ಕ್ರೌನ್ ಒಂದು, ಫ್ಲಿಂಟ್ ಒಂದು. ಎರಡೂ ಸೇರಿ ಕೆಂಪನ್ನೂ ನೀಲಿಯನ್ನೂ ಒಂದೇ ಕಡೆ ತಂದು ನಿಲ್ಲಿಸುತ್ತವೆ, ನೇರಳೆ ಮಾತ್ರ ಹಿಡಿತಕ್ಕೆ ಸಿಗದೆ ಸುತ್ತ ಚೆಲ್ಲಿಕೊಳ್ಳುತ್ತದೆ. ಲುಬ್ಧಕನಂಥ ಪ್ರಖರ ನಕ್ಷತ್ರಕ್ಕೆ ಅದು ಕಂಡೇ ಕಾಣಬೇಕು. ನನಗೆ ಕಾಣುತ್ತಿರಲಿಲ್ಲ. ಕಾಣದ್ದಕ್ಕೆ ಸಂತೋಷಪಟ್ಟೆ.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಲುಬ್ಧಕ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿದ್ದ. ಎಷ್ಟು ತಿರುಪಿದರೂ ಚುಕ್ಕೆ ಚುಕ್ಕೆಯಾಗಲಿಲ್ಲ, ಎಣ್ಣೆ ಬಿದ್ದ ಕಾಗದದ ಹಿಂದೆ ದೀಪ ಇಟ್ಟ ಹಾಗೆ. ಫಂಗಸ್ ಬಂತು ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ಲೆನ್ಸ್ ಕನ್ನಡಿ! ಮಳೆಗಾಲ ಪೂರ್ತಿ ಬೀರುವಿನಲ್ಲಿ ಹದಿನೈದು ವ್ಯಾಟ್ ಬಲ್ಬ್ ಉರಿಸಿ ಕಾದಿದ್ದೇನೆ, ಒಂದು ಎಳೆ ಬೂಸ್ಟು ಇಲ್ಲ. ಐಪೀಸನ್ನು ಅದರ ತೂತಿನಲ್ಲೇ ತಿರುಗಿಸಿದೆ, ಆ ಹರಡು ಕದಲಲಿಲ್ಲ. ನನ್ನ ತಲೆಯನ್ನು ಓರೆ ಮಾಡಿದೆ, ಹರಡು ತಲೆಯ ಜೊತೆಗೇ ಓರೆಯಾಯಿತು. ನೀನೇ ಕಲಿಸಿದ ಪರೀಕ್ಷೆ, ತಲೆಯ ಜೊತೆ ತಿರುಗಿದರೆ ದೋಷ ಕೊಳವೆಯದಲ್ಲ ಅಂತ.

ಎಡಗಣ್ಣು ಇಟ್ಟೆ.

ಲುಬ್ಧಕ ಸೂಜಿಮೊನೆ. ಸುತ್ತ ನೇರಳೆ, ಕಾಕಡ ಹೂವಿನ ನಡುವೆ ಯಾರೋ ಶಾಯಿ ತೊಟ್ಟು ಬಿಟ್ಟ ಹಾಗೆ ತೆಳುವಾಗಿ ಹರಡಿದ ನೇರಳೆ. ಮತ್ತೆ ಬಲಗಣ್ಣು: ಮಾಸಿದ ಹಳದಿ, ನೇರಳೆಯ ಸುಳಿವೇ ಇಲ್ಲ. ಎಡ, ಬಲ, ಎಡ, ಬಲ. ಎಷ್ಟು ಹೊತ್ತು ಹಾಗೇ ಮಾಡಿದೆನೋ. ಕೈ ಮಾತ್ರ ತನ್ನ ಪಾಡಿಗೆ ಆರ್‌ಎ ತಿರುಪು ತಿರುಗಿಸುತ್ತಲೇ ಇತ್ತು.

ಕಣ್ಣಿನೊಳಗಿನ ಮಸೂರ ಹಳದಿಗಟ್ಟಿದರೆ ಮೊದಲು ನುಂಗುವುದು ನೀಲಿ, ನೇರಳೆಯನ್ನು. ಪೊರೆ ಹಾಗೇ ಬರುತ್ತದೆ. ಡಾಕ್ಟರಿಗೆ ತೋರಿಸದೆ ನಾನೇ ಹೆಸರಿಡಬಾರದು, ಗೊತ್ತು. ಆದರೆ ಈ ಹಳದಿಯ ಪರಿಚಯ ನನಗೆ ಬೇರೆ ಕಡೆಯಿಂದ ಇದೆ.

ಅಪ್ಪ ಹೇಳುತ್ತಿದ್ದರು. 2018ರ ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟ ಅರಳಿತ್ತು. ಜಗಲಿಯಲ್ಲಿ ನಿಂತು "ಈ ಸಲ ಹೂ ಯಾಕೋ ಹಳದಿ" ಅಂದರು. ನಾನು "ಬಿಸಿಲಿಗೆ ಬಾಡಿದೆ ಬಿಡಿ" ಅಂದೆ. ಆ ವರ್ಷವೇ ಶಿಬಿರದಲ್ಲಿ ಎರಡೂ ಕಣ್ಣಿಗೆ ಪೊರೆ ಅಂತ ಬರೆದುಕೊಟ್ಟರು. ಕೊಯ್ಲು ಮುಗಿಯಲಿ ಅಂದೆ. ಕೊಯ್ಲು ಮುಗಿಯಿತು, ಕಸಿ, ಗೊಬ್ಬರ, ಮಳೆ ಅಂತ ಆಯಿತು. ಮತ್ತೆ ಕೊಯ್ಲು ಬಂತು. ಒಂದು ದಿನ ಅವರು ಕೊಯ್ದ ಬುಟ್ಟಿಯಲ್ಲಿ ಅರ್ಧ ಹಸಿರು ಕಾಯಿ ಇತ್ತು. ಲೈನ್ ಮನೆಯ ಕೆಲಸದವರೆಲ್ಲ ನಿಂತಿದ್ದರು. ಅವರೆದುರಿಗೇ ಬೈದೆ. ಅಪ್ಪ ಏನೂ ಅನ್ನಲಿಲ್ಲ. ಮರುದಿನದಿಂದ ಒಂದೊಂದು ಹಣ್ಣನ್ನೂ ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತಿ, ಮೆತ್ತಗಿದ್ದರೆ ಕಿತ್ತು, ಗಟ್ಟಿಯಿದ್ದರೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಅವರ ಬುಟ್ಟಿಯಲ್ಲಿ ಆಮೇಲೆ ಒಂದು ಹಸಿರು ಕಾಯಿ ಸಿಗಲಿಲ್ಲ. ಬೆರಳಿನಿಂದ ನೋಡುತ್ತಿದ್ದಾರೆ ಅಂತ ಕಂಡೂ ನಾನು ಸುಮ್ಮನಿದ್ದೆ. ಕೆಲಸ ನಡೆಯುತ್ತಿತ್ತಲ್ಲ.

2019ರ ಡಿಸೆಂಬರ್ 26, ಕುಟ್ಟದ ಕಡೆ ಕಂಕಣ ಗ್ರಹಣಕ್ಕೆ ಹೋದಾಗ ನೀನೂ ಇದ್ದೆ. ನಾವಿಬ್ಬರೂ ಕೊಳವೆಯ ಬಾಯಿಗೆ ಸೌರ ಫಿಲ್ಟರ್ ಕಟ್ಟಿಕೊಂಡು ಒಬ್ಬರನ್ನೊಬ್ಬರು ನೂಕುತ್ತಿದ್ದೆವು. ಅಪ್ಪ ಒಮ್ಮೆ ಕಣ್ಣಿಟ್ಟು "ಮಂಜು ಮಂಜು" ಅಂತ ಹಿಂದೆ ಸರಿದರು. ಆಮೇಲೆ ಕಾಫಿ ಗಿಡದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎಲೆಗಳ ಸಂದಿನಿಂದ ಬಿದ್ದ ಬಿಸಿಲೆಲ್ಲ ನೆಲದ ಮೇಲೆ ಬಳೆ ಬಳೆಯಾಗಿತ್ತು, ಅದನ್ನು ಎಣಿಸುತ್ತಿದ್ದರು. ಮುಂದಿನ ಮಾರ್ಚಿಗೆ ಮೈಸೂರಿಗೆ ಕರೆದುಕೊಂಡು ಹೋಗುವುದು ಅಂತ ತೀರ್ಮಾನವೂ ಆಗಿತ್ತು. ಆ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿತು. 2021ರ ಮಳೆಯಲ್ಲಿ ಅಪ್ಪ ಹೋದರು. ಬಿಳಿ ಹೂವನ್ನು ಅವರು ಮತ್ತೆ ನೋಡಲಿಲ್ಲ. ಎರಡು ಗಂಟೆಯ ದಾರಿ, ಅರ್ಧ ದಿನದ ಕೆಲಸ, ಗೆಳೆಯಾ. ನಾನು ಮೂರು ವರ್ಷ ಮುಂದೂಡಿದೆ. ಇದನ್ನು ನಿನಗೂ ಹೇಳಿರಲಿಲ್ಲ.

ಮೊನ್ನೆ ಐಪೀಸಿನಿಂದ ಬಲಗಣ್ಣು ತೆಗೆದಾಗ ನನ್ನ ಬಾಯಿಗೆ ಮೊದಲು ಬಂದ ಮಾತು ಏನು ಗೊತ್ತೇ? "ಕಣದ ಕಾಫಿ ಒಣಗಲಿ, ಆಮೇಲೆ ನೋಡೋಣ." ಜೋರಾಗಿಯೇ ಅಂದೆ. ನಾಯಿ ತಲೆಯೆತ್ತಿ ನೋಡಿತು.

ಕುಶಾಲನಗರದಿಂದ ರಾತ್ರಿ ಬರುವಾಗ ಎದುರಿನ ಗಾಡಿಯ ದೀಪ ಹರಡಿ ರಸ್ತೆಯೇ ಮುಚ್ಚಿಹೋಗುತ್ತದೆ, ಅದೂ ನಾಲ್ಕು ತಿಂಗಳಿಂದ. ಪಕ್ಕದಲ್ಲಿ ಮಗ ಕೂತಿರುತ್ತಾನೆ. ಮನೆಯಲ್ಲಿ ಹೇಳಿಲ್ಲ. ಇದನ್ನು ಓದುವವರಲ್ಲಿ ಮನೆಯವಳೂ ಇದ್ದಾಳೆ, ಹಾಗಾಗಿ ಈ ಸಾಲು ಮುಗಿಯುವಷ್ಟರಲ್ಲಿ ಹೇಳಿದ ಹಾಗಾಯಿತು.

ಇಷ್ಟೆಲ್ಲ ಬರೆಯಲು ಕೂತದ್ದಲ್ಲ. ಮೌಂಟಿನ ಮಾತಿಗೆ ಬರೋಣ. ತೂಕ ಸರಿದೂಗಿಸದೆ ಯಾರೂ ಕ್ಲಚ್ ಬಿಗಿಯಬೇಡಿ. ಕೌಂಟರ್‌ವೇಟನ್ನು ಸರಳಿನ ಮೇಲೆ ಹಿಂದೆ ಮುಂದೆ ಜಾರಿಸಿ, ಕೈ ಬಿಟ್ಟರೂ ಕೊಳವೆ ಇಟ್ಟಲ್ಲೇ ನಿಲ್ಲಬೇಕು. ಅದನ್ನು ಕಣ್ಣಿನಿಂದ ನೋಡಿ ಮಾಡುವುದಕ್ಕಿಂತ ಬೆರಳಿಗೆ ಬಿಡುವುದು ಒಳ್ಳೆಯದು. ಕತ್ತಲಲ್ಲಿ ಬೆರಳಿಗೆ ಎಲ್ಲ ಗೊತ್ತಾಗುತ್ತದೆ. ಇಬ್ಬನಿಗೆ ಕೊಳವೆಯ ಬಾಯಿಗೊಂದು ಉದ್ದ ತೋಳು ಬೇಕು, ನಾನು ಕಪ್ಪು ಫೋಮ್ ಚಾಪೆ ಸುತ್ತಿದ್ದೇನೆ, ಹನ್ನೊಂದರವರೆಗೆ ಲೆನ್ಸ್ ಬೆವರುವುದಿಲ್ಲ. ಹನ್ನೊಂದರ ಮೇಲೆ ಆನೆಯ ಸಮಯ. ಮೊನ್ನೆ ಕೆಳಗಿನ ತೋಟದಲ್ಲಿ ಬೈನೆ ಮರ ಮುರಿದ ಸದ್ದು ಬಂತು, ಎಲ್ಲ ಹಾಗೇ ಬಿಟ್ಟು ಒಳಗೆ ಬಂದೆ. ಬೆಳಿಗ್ಗೆ ನೋಡಿದರೆ ನಿನ್ನ ದೂರದರ್ಶಕ ಇಟ್ಟಲ್ಲೇ ಇತ್ತು, ಅಕ್ಷ ಧ್ರುವನ ಕಡೆಗೇ ಮುಖ ಮಾಡಿಕೊಂಡು.

ಬರುವಾಗ ಆ 32 ಎಂಎಂ ಐಪೀಸ್ ತಾ. ಸ್ಟೀಲ್ ಲೋಟವನ್ನೂ ತಾ, ಈ ಸಲ ಗೋಣಿಕೊಪ್ಪದವರ ಎದುರು ಮರ್ಯಾದೆ ಉಳಿಯಬೇಕು. ಅಮ್ಮ ಕಡಂಬುಟ್ಟು ಮಾಡುತ್ತಾಳಂತೆ, ನೀನು ಹಿಂದಿನ ಸಲ ತಿಂದ ಲೆಕ್ಕ ಅವಳಿಗೆ ಈಗಲೂ ನೆನಪಿದೆ. ಮೈಸೂರಿಗೆ ಗುರುವಾರ ಹೋಗುವುದು, ಬಸ್ಸಿನಲ್ಲಿ. ಕಾಫಿ ಕಣದಲ್ಲೇ ಇರುತ್ತದೆ, ಟಾರ್ಪಲ್ ಮುಚ್ಚಿ ಹೋಗುತ್ತೇನೆ.

ಹೂಮಳೆ ಬಿದ್ದ ದಿನ ಫೋನ್ ಮಾಡುತ್ತೇನೆ, ಅಲ್ಲಿಂದ ಎಂಟೊಂಬತ್ತು ದಿನಕ್ಕೆ ಹೂವು. ಆ ಬೆಳಿಗ್ಗೆ ಜಗಲಿಯಲ್ಲಿ ನನ್ನ ಪಕ್ಕ ನಿಂತು ಹೂ ಎಷ್ಟು ಬಿಳಿ ಅಂತ ನೀನು ಹೇಳಬೇಕು. ನಾನು ಒಮ್ಮೆ ಎಡಗಣ್ಣಲ್ಲಿ, ಒಮ್ಮೆ ಬಲಗಣ್ಣಲ್ಲಿ ನೋಡುತ್ತೇನೆ.