ತಮ್ಮನ ರೋಪ್ ಕೋರ್ಸಿನ ವಿಷಯ

ಅಬುಧಾಬಿ,
ಜುಲೈ ತಿಂಗಳು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಊರಲ್ಲಿ ಮಳೆ ಜೋರು ಹಿಡಿದಿದೆ, ಬ್ರಹ್ಮಾವರದ ಕಡೆ ಗದ್ದೆಗಳೆಲ್ಲ ತುಂಬಿವೆ ಅಂತ ಚಿಕ್ಕಮ್ಮ ಹೇಳಿದರು. ಇಲ್ಲಿ ಬರೀ ಬಿಸಿಲು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಸರಕಾರದ ಕಾನೂನೇ ಉಂಟು. ಹಾಗಾಗಿ ಬೆಳಕು ಹರಿಯುವ ಮೊದಲೇ ಹಗ್ಗ ಕಟ್ಟಿ ಶುರುಮಾಡುತ್ತೇವೆ. ಅಮ್ಮ, ನೀರು ಕುಡಿಯುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಅದರ ಚಿಂತೆ ಬೇಡ.

ತಮ್ಮನ ವಿಷಯಕ್ಕೇ ಈ ಪತ್ರ. ನನ್ನ ಹಾಗೆ ಎತ್ತರದಲ್ಲಿ ಹಗ್ಗದಲ್ಲಿ ನೇತಾಡಿಕೊಂಡು ಮಾಡುವ ಈ ರೋಪ್ ಕೆಲಸಕ್ಕೇ ಕೋರ್ಸ್ ಸೇರುತ್ತೇನೆ ಅನ್ನುತ್ತಾನಲ್ಲ ಅವನು. ಫೋನಿನಲ್ಲಿ ಅವನು ಒಂದು ಹೇಳುವುದು, ಅಮ್ಮ ನಡುವೆ ಅಳುವುದು, ಅಪ್ಪ ಫೋನ್ ಇಟ್ಟುಬಿಡುವುದು, ಹೀಗೇ ಆಗುತ್ತಿದೆ. ಈ ಕೆಲಸ ಎಂಥದ್ದು, ಅದಕ್ಕೆ ಎಂಥ ಶರೀರ ಬೇಕು ಅಂತ ಒಮ್ಮೆ ಸರಿಯಾಗಿ ಬರೆಯುತ್ತೇನೆ. ಮೂವರೂ ಒಟ್ಟಿಗೆ ಕೂತು ಓದಿ.

ಐದು ದಿನದಲ್ಲಿ ಕೋರ್ಸ್ ಮುಗಿಯುತ್ತದೆ ಅಂತ ಉಡುಪಿಯ ಆ ಏಜೆಂಟ್ ಹೇಳಿದ್ದು ಸುಳ್ಳಲ್ಲ. ಇಲ್ಲಿ ಹೆಚ್ಚಿನ ಕಡೆ ಕೇಳುವುದು ಇರಾಟಾ, ಅಂದರೆ ಹಗ್ಗದ ಕೆಲಸದವರ ಸಂಘದ ಸರ್ಟಿಫಿಕೇಟ್. 1980ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಸಂಸ್ಥೆ ಅದು. ಗುಹೆಗಳಿಗೆ ಇಳಿಯುವವರ ಹಗ್ಗದ ವಿದ್ಯೆ ಸಮುದ್ರದ ಮಧ್ಯದ ತೈಲ ವೇದಿಕೆಗಳಿಗೆ ಬಂದಾಗ, ಅದಕ್ಕೊಂದು ಕಟ್ಟುಪಾಡು ಬೇಕು ಅಂತ ಮಾಡಿದ್ದು. 18 ವರ್ಷ ತುಂಬಿರಬೇಕು. ಕಡಿಮೆಯೆಂದರೆ ನಾಲ್ಕು ದಿನ ತರಬೇತಿ, ಮತ್ತೊಂದು ದಿನ ಪರೀಕ್ಷೆ. ಪರೀಕ್ಷೆ ಮಾಡುವವರು ಕಲಿಸಿದ ಕೇಂದ್ರದವರಲ್ಲ, ಹೊರಗಿನಿಂದ ಬರುತ್ತಾರೆ. ಪಾಸಾದರೆ ಲೆವೆಲ್ ಒಂದು. ಏಜೆಂಟ್ ಹೇಳದೆ ಬಿಟ್ಟದ್ದು ಇದರ ಮುಂದಿನದ್ದು. ಲೆವೆಲ್ ಎರಡಕ್ಕೆ ಹೋಗಬೇಕಾದರೆ ಒಂದು ವರ್ಷ ಕಳೆದಿರಬೇಕು, ಜೊತೆಗೆ ಹಗ್ಗದ ಮೇಲೆ 1000 ಗಂಟೆ ಕೆಲಸ ಮಾಡಿದ್ದು ಲಾಗ್‌ಬುಕ್ಕಿನಲ್ಲಿ ಸಹಿಯಾಗಿರಬೇಕು. ಮೂರಕ್ಕೆ ಮತ್ತೊಂದು ವರ್ಷ, ಮತ್ತೆ 1000 ಗಂಟೆ. ಸರ್ಟಿಫಿಕೇಟಿಗೆ ಮೂರು ವರ್ಷದ ಆಯುಸ್ಸು, ಆಮೇಲೆ ಪುನಃ ಪರೀಕ್ಷೆ. ಲೆವೆಲ್ ಒಂದರವನಿಗೆ ಸ್ವಂತಕ್ಕೆ ಹಗ್ಗ ಕಟ್ಟಿ ಇಳಿಯುವ ಅಧಿಕಾರ ಇಲ್ಲ, ಲೆವೆಲ್ ಮೂರರವರ ಉಸ್ತುವಾರಿಯಲ್ಲೇ ಇರಬೇಕು. ಲೆವೆಲ್ ಒಂದರ ಕಾಗದ ಮಾತ್ರ ಹಿಡಿದುಕೊಂಡು, ಬೇರೆ ಯಾವ ಕಸುಬೂ ಗೊತ್ತಿಲ್ಲದೆ ಬಂದವರು ಇಲ್ಲಿ ತುಂಬ ಜನ ಖಾಲಿ ಕೂತಿದ್ದಾರೆ. ಹಗ್ಗ ನಮ್ಮನ್ನು ಕೆಲಸದ ಜಾಗಕ್ಕೆ ಮುಟ್ಟಿಸುತ್ತದೆ, ಅಷ್ಟೆ. ಅಲ್ಲಿ ಮುಟ್ಟಿದ ಮೇಲೆ ವೆಲ್ಡಿಂಗೋ ಪೇಂಟಿಂಗೋ ಇನ್ಸ್‌ಪೆಕ್ಷನ್ನೋ ಏನಾದರೂ ಬರಬೇಕು.

ಅಮ್ಮ ಕೇಳಿದ್ದು, ಹಗ್ಗ ತುಂಡಾದರೆ ಅಂತ. ನಾವು ಯಾವತ್ತೂ ಒಂದು ಹಗ್ಗದಲ್ಲಿ ನೇತಾಡುವುದಿಲ್ಲಮ್ಮ. ಎರಡು ಹಗ್ಗ, ಎರಡಕ್ಕೂ ಬೇರೆ ಬೇರೆ ಕಡೆ ಆಧಾರ. ಒಂದರಲ್ಲಿ ಭಾರ ಹಾಕಿ ಕೆಲಸ, ಇನ್ನೊಂದರಲ್ಲಿ ಬ್ಯಾಕಪ್ ಸಾಧನ ನಮ್ಮ ಜೊತೆಗೇ ಜಾರುತ್ತ ಬರುತ್ತದೆ. ಜರ್ಕ್ ಬಿದ್ದರೆ ಅಲ್ಲೇ ಕಚ್ಚಿ ಹಿಡಿಯುತ್ತದೆ. ಹಗ್ಗದ ತುದಿಗೆ ಗಂಟು ಹಾಕಿಯೇ ಇರುತ್ತೇವೆ, ಇಳಿಯುತ್ತ ತುದಿ ದಾಟಿ ಹೋಗಬಾರದಲ್ಲ. ಮೊನ್ನೆ ಬೆಳಿಗ್ಗೆ ನಮ್ಮ ಸೂಪರ್‌ವೈಸರ್ ಒಂದು ಹಗ್ಗವನ್ನು ಗ್ಲೌಸ್ ತೆಗೆದು ಬರಿಗೈಯಲ್ಲಿ ಗೇಣು ಗೇಣಾಗಿ ಎಳೆದು ನೋಡುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹಗ್ಗವನ್ನು ಮಡಿಚಿದರು. ಒಳ್ಳೆಯ ಹಗ್ಗ ಮಡಿಚಿದರೆ ದುಂಡಗೆ ಬಾಗಬೇಕು, ಇದು ಆ ಜಾಗದಲ್ಲಿ ಚಪ್ಪಟೆಯಾಗಿ ಮುರಿದುಕೊಂಡಿತು. ಹೊರಗಿನ ನೇಯ್ಗೆಯಲ್ಲಿ ಒಂದು ನೂಲೂ ಎದ್ದಿರಲಿಲ್ಲ, ಒಳಗಿನ ಎಳೆ ಪೆಟ್ಟು ತಿಂದಿತ್ತು. ಕತ್ತರಿಸಿ ಬದಿಗೆ ಹಾಕಿದರು, ಒಂದು ಮಾತಾಡಲಿಲ್ಲ. ಇಂಥವರ ಕೆಳಗೆ ಕೆಲಸ ಮಾಡುತ್ತೇನೆ ಅನ್ನುವುದೇ ನನಗೆ ದೊಡ್ಡ ಧೈರ್ಯ.

ಇನ್ನು ಶರೀರದ ವಿಷಯ. ತಮ್ಮ, ಇದು ನಿನಗೆ. ಜಿಮ್ಮಿಗೆ ಹೋಗುತ್ತೀ, ತೋಳು ಬಂದಿದೆ, ಫೋಟೋ ನೋಡಿದೆ. ಒಳ್ಳೆಯದೇ. ಆದರೆ ಹಗ್ಗ ಹತ್ತುವುದು ತೋಳಿನಿಂದಲ್ಲ. ಎದೆಯ ಹತ್ತಿರ ಹಗ್ಗ ಕಚ್ಚಿ ಹಿಡಿಯುವ ಒಂದು ಕ್ಲಾಂಪ್, ಕೈಯಲ್ಲಿ ಒಂದು, ಅದಕ್ಕೆ ಕಟ್ಟಿದ ಕುಣಿಕೆಯಲ್ಲಿ ಕಾಲು. ತಳೆ ಹಾಕಿ ಅಡಿಕೆ ಮರ ಏರುವವರ ಹಾಗೆ ಕಾಲಿನಿಂದಲೇ ಎದ್ದು ನಿಲ್ಲುವುದು, ಕೂರುವುದು, ಪುನಃ ಎದ್ದು ನಿಲ್ಲುವುದು. ನಮ್ಮ ಬ್ಯಾಚಿನಲ್ಲಿ ಗಟ್ಟಿ ತೋಳಿನವರೇ ಮೊದಲ ದಿನ ಕೈಯಿಂದ ಎಳೆದು ಎಳೆದು ಅರ್ಧದಲ್ಲೇ ಸುಸ್ತಾದರು. ಬೇಕಾದ್ದು ತೊಡೆ, ಸೊಂಟ, ಹೊಟ್ಟೆಯ ಬಲ, ಬೆರಳಿನ ಹಿಡಿತ, ಮತ್ತೆ ಬಿಸಿಲಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದರೂ ತಲೆ ನೆಟ್ಟಗೆ ಇರುವ ದಮ್ಮು. ಕೊನೇದು ಮುಖ್ಯ. ಹಗ್ಗದಿಂದ ಹಗ್ಗಕ್ಕೆ ದಾಟುವಾಗ ಯಾವ ಕೊಕ್ಕೆ ಮೊದಲು ಹಾಕಬೇಕು, ಯಾವುದನ್ನು ಆಮೇಲೆ ತೆಗೆಯಬೇಕು ಅನ್ನುವುದು ಆಯಾಸದಲ್ಲೂ ತಪ್ಪಬಾರದು.

ಕಾಪುವಿನ ದೀಪಸ್ತಂಭ ಹತ್ತಿದರೆ ನನಗೇನೂ ಹೆದರಿಕೆ ಆಗುವುದಿಲ್ಲ ಅಂತ ನೀನು ಅಂದಿದ್ದೆ. 1901ರಲ್ಲಿ ಕಟ್ಟಿದ ಗಟ್ಟಿ ಗೋಪುರ ಅದು, ಒಳಗೆ ಮೆಟ್ಟಿಲು, ಮೇಲೆ ಕಂಬಿ. ಎತ್ತರದ ಭಯ ಗೊತ್ತಾಗುವುದು ಬೆನ್ನು ಹೊರಗೆ ಹಾಕಿ, ಅಂಚಿನಿಂದ ಕಾಲು ತೆಗೆದು, ಪೂರಾ ಭಾರವನ್ನು ಹಗ್ಗಕ್ಕೆ ಒಪ್ಪಿಸುವ ಹೊತ್ತಿಗೆ. ಆ ಭಯ ಸ್ವಲ್ಪ ಇದ್ದರೆ ತೊಂದರೆ ಇಲ್ಲ, ತರಬೇತಿಯಲ್ಲಿ ಹದಕ್ಕೆ ಬರುತ್ತದೆ. ನಿನ್ನ ವಿಷಯದಲ್ಲಿ ನನಗೆ ಅದರ ಚಿಂತೆಯೇ ಇಲ್ಲ.

ನನ್ನ ಚಿಂತೆ ನಿನ್ನ ಫಿಟ್ಸಿನದ್ದು. ಕೋರ್ಸಿಗೆ ಸೇರುವಾಗ ಒಂದು ಫಾರ್ಮ್ ತುಂಬಿಸಬೇಕು. ಹೃದಯದ ಕಾಯಿಲೆ, ಬಿಪಿ, ಮೂರ್ಛೆ, ಫಿಟ್ಸ್, ತಲೆಸುತ್ತು, ಸಕ್ಕರೆ ಕಾಯಿಲೆ, ಕೈಕಾಲಿನ ಊನ, ಕುಡಿತ, ಮಾನಸಿಕ ತೊಂದರೆ ಉಂಟಾ ಅಂತ ಒಂದೊಂದೇ ಕೇಳಿರುತ್ತಾರೆ. ಪಿಯುಸಿಯಲ್ಲಿ ನಿನಗೆ ಫಿಟ್ಸ್ ಬಂದದ್ದು, ಮಾತ್ರೆ ತೆಗೆದುಕೊಂಡದ್ದು ಅದರಲ್ಲಿ ಬರೆಯುವುದು ಬೇಡ, ಈಗ ಬರುವುದಿಲ್ಲವಲ್ಲ ಅಂತ ಏಜೆಂಟ್ ಹೇಳಿದನಂತೆ. ಅಪ್ಪ, ಅವನ ಮಾತು ಕೇಳಬೇಡಿ. ಅವನಿಗೆ ಬೇಕಾದ್ದು ಕಮಿಷನ್.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಹಗ್ಗದಲ್ಲಿ ಪ್ರಜ್ಞೆ ತಪ್ಪಿದರೆ ಆಗುವುದೇ ಬೇರೆ. ನೆಲದಲ್ಲಾದರೆ ಮನುಷ್ಯ ಬಿದ್ದು ಮಲಗುತ್ತಾನೆ. ಹಾರ್ನೆಸ್ಸಿನಲ್ಲಿ, ಅಂದರೆ ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ, ಬೀಳಲಿಕ್ಕಾಗುವುದಿಲ್ಲ, ನಿಂತ ಹಾಗೇ ನೇತಾಡುತ್ತಾನೆ. ಕಾಲು ಅಲ್ಲಾಡದೆ ಹೋದರೆ ರಕ್ತ ಕಾಲಲ್ಲೇ ನಿಲ್ಲುತ್ತದೆ, ಹೃದಯಕ್ಕೆ, ಮೆದುಳಿಗೆ ಬೇಕಾದಷ್ಟು ಹೋಗುವುದಿಲ್ಲ. ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ಕತ್ತು ಬಾಗಿ ಉಸಿರು ಕಟ್ಟುವ ಅಪಾಯ ಬೇರೆ. ಹೊರಗಿನವರು ಏಣಿ ತಂದು ಇಳಿಸುತ್ತಾರೆ ಅಂತ ಕಾಯಲಿಕ್ಕಾಗುವುದಿಲ್ಲ. ಪಕ್ಕದ ಹಗ್ಗದಲ್ಲಿ ಇರುವವನೇ ಬರಬೇಕು. ಅದಕ್ಕೇ ಲೆವೆಲ್ ಒಂದರ ಪರೀಕ್ಷೆಯಲ್ಲೇ ರಕ್ಷಣೆ ಮಾಡಿ ತೋರಿಸಬೇಕು: ತನ್ನ ಹಗ್ಗದಲ್ಲಿ ಅವನ ಪಕ್ಕಕ್ಕೆ ಹೋಗುವುದು, ಅವನನ್ನು ತನಗೆ ಗಿಡ್ಡ ಕೊಂಡಿಯಲ್ಲಿ ಕಟ್ಟಿಕೊಳ್ಳುವುದು, ಅವನ ಭಾರ ಬಿಡಿಸಿ ತನ್ನ ಮೇಲೆ ತೆಗೆದುಕೊಳ್ಳುವುದು, ಇಬ್ಬರ ತೂಕಕ್ಕೆ ಘರ್ಷಣೆ ಸಾಕಾಗುವ ಹಾಗೆ ಹೆಚ್ಚಿಗೆ ಒಂದು ಕೊಕ್ಕೆಯಲ್ಲಿ ಹಗ್ಗ ಹಾಯಿಸಿ ನಿಧಾನ ಇಳಿಸುವುದು. ಅಭ್ಯಾಸಕ್ಕೆ ನೇತಾಡುವವನು ಸುಮ್ಮನೆ ಜೋತುಬಿದ್ದಿರುತ್ತಾನೆ, ಆದರೂ ನಮಗೆ ಬೆವರಿಳಿಯುತ್ತದೆ. ನಿಜವಾಗಿ ಫಿಟ್ಸ್ ಬಂದು ಕೈಕಾಲು ಬಡಿಯುವವನ ಹತ್ತಿರ ಹೋಗುವುದನ್ನು ಯೋಚಿಸು. ನಿನ್ನನ್ನು ತರಲಿಕ್ಕೆ ಬರುವವನಿಗೂ ಮನೆಯಲ್ಲಿ ತಾಯಿ ಇದ್ದಾಳೆ. ಅವನಿಗೆ ಹೇಳದೆ ನೀನು ಅವನ ಪಕ್ಕದಲ್ಲಿ ಇಳಿಯುವುದನ್ನು ನನ್ನಿಂದ ಒಪ್ಪಲಿಕ್ಕಾಗುವುದಿಲ್ಲ, ನೀನು ನನ್ನ ತಮ್ಮ ಆದರೂ.

ನಿದ್ದೆಗೆಟ್ಟರೆ ಫಿಟ್ಸ್ ಮರಳುವ ಸಾಧ್ಯತೆ ಉಂಟು ಅಂತ ಆಗ ಡಾಕ್ಟರು ಹೇಳಿದ್ದು ಅಮ್ಮನಿಗೆ ನೆನಪಿರಬಹುದು. ಇಲ್ಲಿ ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್ ಬಂತೆಂದರೆ ರಾತ್ರಿ ಪಾಳಿ, ಹಗಲು ಸೆಕೆಯಲ್ಲಿ ಅರೆನಿದ್ದೆ.

ಹಾಗಾಗಿ ಇದೇ ತಿಂಗಳು ಮಣಿಪಾಲಕ್ಕೆ ಹೋಗಿ ನರರೋಗದ ಡಾಕ್ಟರನ್ನು ನೋಡಿ. ಹಳೆ ಚೀಟಿಗಳು, ಆಗ ಮೆದುಳಿನ ಪರೀಕ್ಷೆ ಮಾಡಿದ ಇಇಜಿ ರಿಪೋರ್ಟು ಗೋದ್ರೆಜಿನ ಮೇಲಿನ ಖಾನೆಯಲ್ಲಿ ಇರಬೇಕು, ಎಲ್ಲ ತೆಗೆದುಕೊಂಡು ಹೋಗಿ. ಬರೀ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಿ ಅಂತ ಕೇಳಬೇಡಿ. ಎತ್ತರದಲ್ಲಿ ಹಗ್ಗದಲ್ಲಿ ನೇತಾಡುವ ಕೆಲಸ, ರಾತ್ರಿ ಪಾಳಿ, ಸೆಕೆ, ಎಲ್ಲ ಬಿಡಿಸಿ ಹೇಳಿ. ರಿಪೋರ್ಟ್ ಚೆಂದ ಬರಲಿ ಅಂತ ಅವನು ಮಾತ್ರೆ ನಿಲ್ಲಿಸುವುದೋ ಕಡಿಮೆ ಮಾಡುವುದೋ ಮಾಡಬಾರದು, ಡಾಕ್ಟರು ಹೇಳದೆ ಒಂದು ಮಾತ್ರೆಯೂ ಆಚೀಚೆ ಆಗಬಾರದು.

ಅವರು ಬೇಡ ಅಂದರೆ ಬೇಡ. ತಮ್ಮ, ಬೇಸರ ಮಾಡಿಕೊಳ್ಳಬೇಡ, ನಿನ್ನ ಮೆಕ್ಯಾನಿಕಲ್ ಡಿಪ್ಲೊಮಾ ಎಲ್ಲಿಗೂ ಹೋಗಿಲ್ಲ. ಎನ್‌ಡಿಟಿ ಅಂತ ಉಂಟು. ಲೋಹವನ್ನು ಕೊಯ್ಯದೆ ಒಳಗಿನ ಬಿರುಕು ನೋಡುವುದು, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಪೈಪಿನ, ಟ್ಯಾಂಕಿನ ಗೋಡೆಯ ದಪ್ಪ ಅಳೆಯುವುದು. ಇದರಲ್ಲಿ ನೆಲದ ಮೇಲೆ, ವರ್ಕ್‌ಶಾಪಿನಲ್ಲಿ ಮಾಡುವ ಕೆಲಸವೇ ಬೇಕಾದಷ್ಟು ಇರುತ್ತದೆ. ನನ್ನ ಕಣ್ಣೆದುರು ಆ ಕಸುಬಿನವರಿಗೆ ಒಳ್ಳೆ ಮರ್ಯಾದೆ ಉಂಟು. ಅಲ್ಲೂ ಫಿಟ್ಸಿನ ವಿಷಯ ಹೇಳಿಯೇ ಸೇರಬೇಕು. ಆ ಕೋರ್ಸಿನ ಫೀಸು ನಾನು ಕೊಡುತ್ತೇನೆ, ಅಪ್ಪ ಸೊಸೈಟಿಯಲ್ಲಿ ಸಾಲ ಮಾಡುವುದು ಬೇಡ.

ಏಜೆಂಟಿಗೆ ಅಡ್ವಾನ್ಸ್ ಕೊಟ್ಟಾಗಿದ್ದರೆ ರಶೀದಿಯ ಫೋಟೋ ಇವತ್ತೇ ವಾಟ್ಸಾಪಿನಲ್ಲಿ ಹಾಕಿ. ಕೊಡದಿದ್ದರೆ, ಡಾಕ್ಟರನ್ನು ನೋಡುವ ತನಕ ಒಂದು ರೂಪಾಯಿಯೂ ಕೊಡಬೇಡಿ. ಅಪಾಯಿಂಟ್‌ಮೆಂಟ್ ಯಾವ ದಿನ ಸಿಕ್ಕಿತು ಅಂತ ತಿಳಿಸಿದರೆ ಆ ದಿನ ನಾನು ರಜೆ ಹಾಕಿ ಫೋನಿನಲ್ಲಿ ಇರುತ್ತೇನೆ, ಡಾಕ್ಟರ ಹತ್ತಿರ ಕೆಲಸದ ವಿಷಯ ನಾನೇ ಮಾತಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ
ಮಗ