ಅಮ್ಮನಿಗೆ ಕಾಣದ ಕಡಲ್ಗುದುರೆ

ಬಿತುಂಗ್, ಉತ್ತರ ಸುಲಾವೆಸಿ, ಇಂಡೊನೇಷ್ಯಾ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ನಾನು ಇಲ್ಲಿ ಕಡಲಾಳಕ್ಕೆ ಇಳಿದು ತೆಗೆದು ಕಳುಹಿಸಿದ ಫೋಟೊವನ್ನು ಅಮ್ಮ ಬಾಗಿಲ ಬೆಳಕಿಗೆ ಹಿಡಿದು ಎಷ್ಟು ನೋಡಿದರೂ ಕುದುರೆ ಕಾಣದೆ, ಬರೀ ಕೆಂಪು ಕಡ್ಡಿ ಕಂಡಿತೆಂದು ಬರೆದಿದ್ದೀರಿ. ಅದಕ್ಕೆ ಅವಳ ಕಣ್ಣನ್ನು ದೂರುವಂತಿಲ್ಲ. ಎರಡು ಸೆಂಟಿಮೀಟರಿನಷ್ಟೂ ಇಲ್ಲದ ಆ ಕುಬ್ಜ ಕಡಲ್ಗುದುರೆ, ಅಂದರೆ ಕುದುರೆ ಮೊಗದ ಪುಟ್ಟ ಮೀನು, ಬೀಸಣಿಗೆಯಂಥ ಹವಳದ ರೆಂಬೆಗೆ ಬಾಲ ಸುತ್ತಿ, ಹವಳದ ಮೊಗ್ಗುಗಳಂತೆಯೇ ಇರುವ ಗುಬುಟುಗಳನ್ನು ಮೈತುಂಬ ಹೊತ್ತು ಕುಳಿತಿರುತ್ತದೆ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಹವಳವನ್ನು ಮೇಲೆತ್ತಿ ತಂದು ಪರೀಕ್ಷಿಸುವಾಗಲೇ ವಿಜ್ಞಾನಿಗಳಿಗೂ ಅದು ಮೊದಲು ಕಣ್ಣಿಗೆ ಬಿದ್ದದ್ದು. 25 ಮೀಟರ್ ಆಳದಲ್ಲಿ ಗೈಡ್ ಕಡ್ಡಿ ಚಾಚಿ ತೋರಿಸಿದ ಮೇಲೂ ನಾನು ಬಹಳ ಹೊತ್ತು ಹುಡುಕಿದೆ. ಅಷ್ಟು ಆಳದಲ್ಲಿ ನೀರು ಕೆಂಪು ಬಣ್ಣವನ್ನು ನುಂಗಿಬಿಡುವುದರಿಂದ ಟಾರ್ಚ್ ಹಾಕುವವರೆಗೆ ಎಲ್ಲವೂ ಬೂದು. ಮ್ಯಾಕ್ರೊ ಲೆನ್ಸಿನಲ್ಲಿ ಅದರ ಕಣ್ಣು ಸ್ಪಷ್ಟವಾದರೆ ಬಾಲ ಮಸುಕಾಗುತ್ತದೆ. ನಾನು ಉಸಿರೆಳೆದು ನಾಲ್ಕು ಬೆರಳು ಮೇಲೆದ್ದರೆ ಎರಡೂ ಹೋಯಿತು. ಫ್ಲ್ಯಾಶಿಗೆ ಅದು ಬೆನ್ನು ತಿರುಗಿಸುವುದರಿಂದ ನಮ್ಮ ಗೈಡ್ ಐದಕ್ಕಿಂತ ಹೆಚ್ಚು ಫೋಟೊ ತೆಗೆಯಲು ಬಿಡುವುದಿಲ್ಲ. ಇವುಗಳಲ್ಲಿ ಬಸಿರು ಹೊರುವುದು ಗಂಡು. ಇದನ್ನು ಅಮ್ಮನಿಗೆ ಹೇಳಿ, ಚಿಕ್ಕಪ್ಪನಿಗೆ ಬೇಡ.

ನನಗೆ ನಿದ್ದೆ ಕೆಡಿಸಿರುವುದು ಎರಡನೆಯ ಫೋಟೊ. ಅದರಲ್ಲಿರುವುದು ಕರಟದೊಳಗೆ ಕುಳಿತ ಆಕ್ಟೋಪಸ್. ನಾವು ನೀರೊಲೆಗೆ ಹಾಕುವಂಥ ಎರಡು ಕರಟಗಳನ್ನೇ ಅದು ಒಂದರೊಳಗೊಂದು ಇಟ್ಟು ಹೊಟ್ಟೆಯಡಿ ಅವುಚಿಕೊಂಡು, ತೋಳುಗಳನ್ನು ಊರುಗೋಲಿನಂತೆ ಸೆಟೆಸಿ ಕಪ್ಪು ಮರಳ ಮೇಲೆ ಹೊತ್ತು ನಡೆಯುತ್ತದೆ. ಅಪಾಯವೆನಿಸಿದರೆ ಒಂದರಲ್ಲಿ ಕುಳಿತು ಇನ್ನೊಂದನ್ನು ಮುಚ್ಚಳ ಮಾಡಿಕೊಳ್ಳುತ್ತದೆ. ಇದನ್ನು ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ್ದು ಈ ಸುಲಾವೆಸಿ ಮತ್ತು ಬಾಲಿಯ ಕಡಲಲ್ಲೇ. ಅಂಥ ಫೋಟೊವನ್ನು, ನಲವತ್ತು ವರ್ಷ ಕಾಯಿ ತುರಿದ ಅಮ್ಮ 'ಯಾವುದೋ ಕಲ್ಲು' ಎಂದಳಂತೆ. ಇನ್ನು ತಡ ಮಾಡಬೇಡಿ.

'ಮಗಳು ನೀರಿನಿಂದ ಮೇಲೆ ಬರಲಿ, ಆಮೇಲೆ ಕಣ್ಣಿನ ಪೊರೆ ತೆಗೆಸೋಣ' ಎಂಬ ಅಮ್ಮನ ಹಟವನ್ನು ದಯವಿಟ್ಟು ಬಿಡಿಸಿ. ನಾಲೆಗೆ ಬಿದ್ದ ಹುಡುಗರನ್ನು ನೆನೆದು ಅವಳು ಹೆದರುತ್ತಾಳೆ, ಬಲ್ಲೆ. ಆದರೆ ನನ್ನ ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್ ಇರುತ್ತದೆ, ಪಕ್ಕದಲ್ಲಿ ಜೊತೆಗಾರ ಇರುತ್ತಾನೆ, ಅವನ ಬಳಿ ನನಗಾಗಿ ಇನ್ನೊಂದು ಬಾಯಿಕೊಳವೆಯೂ ಇರುತ್ತದೆ. ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲದೆ ಬರುವುದೇ ಇಲ್ಲ. ಒಂದು ಸಣ್ಣ ನೆಗಡಿಯಾದರೂ ನೀರಿಗಿಳಿಯುವುದಿಲ್ಲ. ನಿಜವಾಗಿಯೂ ಏನೂ ಆಗುವುದಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ ಕೂಡಲೇ ತಿಳಿಸಿ. ಕೊನೆಯ ಡೈವ್ ಆಗಿ 18 ಗಂಟೆ ಕಳೆಯದೆ ನಾವು ವಿಮಾನ ಹತ್ತುವಂತಿಲ್ಲ, ಆದ್ದರಿಂದ ಮುಂಚಿತವಾಗಿ ತಿಳಿದರೆ ನಾನೇ ಬಂದು ಕಣ್ಣಿಗೆ ಹನಿ ಹಾಕುತ್ತೇನೆ. ಬರಲಾಗದಿದ್ದರೆ ಪುಟ್ಟಿಯನ್ನು ಹದಿನೈದು ದಿನ ಇರಿಸಿಕೊಳ್ಳಿ. ಅಮ್ಮನನ್ನು ಒಲೆಯ ಹೊಗೆಗೆ ಕಳುಹಿಸಬೇಡಿ. ಖರ್ಚಿಗೆ ಹಣ ಸೋಮವಾರ ಹಾಕುತ್ತೇನೆ. ದೋಣಿ ಹೊರಟಿದೆ, ಕೂಗುತ್ತಿದ್ದಾರೆ.

ಇಂತಿ ನಿಮ್ಮ ಮಗಳು

(ಫೋಟೊ ಎರಡನ್ನೂ ಎತ್ತಿಡಿ, ಪೊರೆ ತೆಗೆಸಿದ ಮೇಲೆ ಮತ್ತೆ ತೋರಿಸಿ.)